ಚಿಕ್ಕನಾಯಕನಹಳ್ಳಿಗೆ ಒಂದು ಅಕ್ಷರದ ಜಾಗ ಸಾಲದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ – ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಮಣ್ಣು ಒಂದೇ ಬಗೆಯದು, ಬೆಳೆ ಒಂದೇ, ಮಾತೂ ಒಂದೇ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ತಿಪಟೂರಿನ ಮಾರುಕಟ್ಟೆಯಿಂದ ಅದು ಉತ್ತರ ಭಾರತದವರೆಗೂ ಹೋಗುತ್ತದೆ. ಆದರೆ ಗಣಕದ ಕಣ್ಣಿಗೆ ಈ ಮೂರು ಊರುಗಳು ಒಂದೇ ಬಗೆಯವಲ್ಲ. ಒಂದು ಹೆಸರು ಅದಕ್ಕೆ ಸಲೀಸು, ಇನ್ನೊಂದು ಅಂಚಿನಲ್ಲಿ ನಿಲ್ಲುತ್ತದೆ, ಮೂರನೆಯದು ಜಾಗ ಸಾಲದೆ ಮೊಟಕಾಗುತ್ತದೆ. ಇದು ನನಗೆ ಅರಿವಾದದ್ದು ಒಂದು ಸಣ್ಣ ಎಡವಟ್ಟಿನಿಂದ. ಅದರಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅಂತಿಮ ವರ್ಷದ ವಿದ್ಯಾರ್ಥಿಗಳ ಒಂದು ಗುಂಪು ಈ ಮೂರು ತಾಲ್ಲೂಕುಗಳ ತೆಂಗಿನ ತೋಟಗಳ ಸಮೀಕ್ಷೆ ಕೈಗೊಂಡಿತು. ಮಾರ್ಗದರ್ಶಕ ನಾನು. ಪ್ರತಿ ತೋಟದಲ್ಲಿ ಒಂದು ಕೊಯ್ಲಿಗೆ ಎಷ್ಟು ಕಾಯಿ ಸಿಕ್ಕವು, ರಸ ಸೋರುವ ರೋಗ ಅಥವಾ ಅಣಬೆ ರೋಗ ತಗುಲಿದ ಮರಗಳೆಷ್ಟು ಎಂಬುದನ್ನು ಎಣಿಸಿ ಗಣಕಕ್ಕೆ ಏರಿಸುವುದು ಕೆಲಸ. ಕನ್ನಡದಲ್ಲೇ ಎಲ್ಲ ಇರಲಿ ಎಂಬ ಹುಮ್ಮಸ್ಸಿನಿಂದ ದತ್ತಸಂಚಯದ ಕೋಷ್ಟಕಗಳಿಗೂ ಕನ್ನಡ ಹೆಸರುಗಳನ್ನೇ ಇಟ್ಟೆವು: ‘ತಿಪಟೂರು_ತೆಂಗು_ಇಳುವರಿ’, ‘ತಿಪಟೂರು_ತೆಂಗು_ರೋಗಗಳು’, ಉಳಿದ ಎರಡು ತಾಲ್ಲೂಕುಗಳಿಗೂ ಹೀಗೆಯೇ. ಒಟ್ಟು ಆರು ಕೋಷ್ಟಕ. ಪ್ರತಿಯೊಂದರಲ್ಲೂ ಮೂರೇ ಅಂಕಣ – ತೋಟದ ಸಂಖ್ಯೆ, ದಿನಾಂಕ, ಎಣಿಕೆ. ಬಳಸಿದ ತಂತ್ರಾಂಶ ಪೋಸ್ಟ್‌ಗ್ರೆಸ್. ಉಚಿತವಾಗಿ ಸಿಗುವ, ಹೆಸರುವಾಸಿಯಾದ ದತ್ತಸಂಚಯ ವ್ಯವಸ್ಥೆ.

ಲೆಕ್ಕ ಹಾಕಿದಾಗ ಚಿಕ್ಕನಾಯಕನಹಳ್ಳಿಯ ಸರಾಸರಿ ಇಳುವರಿ ತಿಪಟೂರಿನದರ ಅರ್ಧದಷ್ಟೇ ಬಂತು. ಮಳೆ ಕಡಿಮೆ, ಅಂತರ್ಜಲ ಆಳಕ್ಕೆ ಇಳಿದಿದೆ ಎಂದು ವಿದ್ಯಾರ್ಥಿಗಳು ವಿವರಣೆಯನ್ನೂ ಬರೆದುಬಿಟ್ಟರು. ಆ ಕಡೆಯ ಹುಡುಗನೊಬ್ಬ ಮಾತ್ರ ಒಪ್ಪಲಿಲ್ಲ. ‘ಸಾರ್, ನಮ್ಮ ತೋಟದಲ್ಲಿ ಇಷ್ಟು ಕಡಿಮೆ ಯಾವತ್ತೂ ಬಂದಿಲ್ಲ’ ಎಂದ. ಕೋಷ್ಟಕ ತೆರೆದು ನೋಡಿದರೆ ಒಂದೇ ತೋಟ, ಒಂದೇ ದಿನಾಂಕಕ್ಕೆ ಎರಡು ಸಾಲು: ಒಂದರಲ್ಲಿ ಎಣಿಕೆ 1,400, ಇನ್ನೊಂದರಲ್ಲಿ 6. ಮೊದಲನೆಯದು ಕಾಯಿಗಳ ಸಂಖ್ಯೆ. ಎರಡನೆಯದು ರೋಗ ಬಿದ್ದ ಮರಗಳದು. ಎರಡು ಕೋಷ್ಟಕಗಳು ನಮಗೆ ಗೊತ್ತಾಗದಂತೆ ಒಂದಾಗಿಬಿಟ್ಟಿದ್ದವು! ತಿಪಟೂರು, ತುರುವೇಕೆರೆಗಳಲ್ಲಿ ಹೀಗೆ ಆಗಿರಲಿಲ್ಲ. ಆ ಹುಡುಗ ಸುಮ್ಮನಿದ್ದಿದ್ದರೆ ಒಂದು ಇಡೀ ತಾಲ್ಲೂಕಿನ ರೈತರ ಬಗ್ಗೆ ತಪ್ಪು ತೀರ್ಮಾನವೊಂದು ವರದಿಯಾಗಿ ಅಚ್ಚಾಗುತ್ತಿತ್ತು.

ಇದಕ್ಕೆ ಕಾರಣ ಹೆಸರಿನ ಉದ್ದ. ಆ ಉದ್ದಕ್ಕೆ ಮಿತಿ ಏಕೆ ಬಂತು, ಎಲ್ಲಿಂದ ಬಂತು ಎಂಬುದಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವಿದೆ.

ಆರು ಅಕ್ಷರದ ಕಾಲ

ಹೆಸರನ್ನು ಮೊಟಕು ಮಾಡುವುದು ಗಣಕ ಕಲಿಸಿದ ಅಭ್ಯಾಸವಲ್ಲ. ಲೆಕ್ಕದ ಪುಸ್ತಕದಲ್ಲಿ ಊರಿನ ಅಂಕಣ ಕಿರಿದಾಗಿದ್ದರೆ ಗುಮಾಸ್ತರು ‘ಚಿ.ನಾ.ಹಳ್ಳಿ’ ಎಂದು ಬರೆದು ಮುಂದೆ ಹೋಗುತ್ತಾರೆ. ರೈಲ್ವೆಯವರಿಗೆ ತಿಪಟೂರು ನಿಲ್ದಾಣವೆಂದರೆ ‘ಟಿಟಿಆರ್’ ಎಂಬ ಮೂರು ಅಕ್ಷರ. ಇಲ್ಲಿ ಎರಡು ಅಂಶಗಳನ್ನು ಗಮನಿಸಿ. ಮೊಟಕು ಮಾಡಿದವರು ಮನುಷ್ಯರು. ಮೊಟಕಾದ ಹೆಸರಿನಿಂದ ಪೂರ್ಣ ಹೆಸರಿಗೆ ಮರಳುವ ದಾರಿ ಎಲ್ಲರಿಗೂ ಗೊತ್ತಿದೆ.

ಗಣಕದಲ್ಲಿ ಮಿತಿ ಬಂದದ್ದು ಯಂತ್ರದ ರಚನೆಯಿಂದ. 1957ರಲ್ಲಿ ಜಾನ್ ಬ್ಯಾಕಸ್ ನೇತೃತ್ವದ ತಂಡ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಿತು. ಆ ಯಂತ್ರ ಒಮ್ಮೆಗೆ ಎತ್ತಿಕೊಳ್ಳುತ್ತಿದ್ದ ‘ಪದ’ದ ಅಳತೆ 36 ಬಿಟ್. ಒಂದು ಅಕ್ಷರಕ್ಕೆ 6 ಬಿಟ್. ಅಂದರೆ ಒಂದು ಪದದಲ್ಲಿ ಸರಿಯಾಗಿ ಆರು ಅಕ್ಷರ ಕೂರುತ್ತವೆ. ಹೆಸರು ಆರು ಅಕ್ಷರದೊಳಗಿದ್ದರೆ ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ಯಂತ್ರ ಒಂದೇ ಹೋಲಿಕೆಯಲ್ಲಿ ಹೇಳಬಲ್ಲದು. ಆದ್ದರಿಂದ ಫೋರ್ಟ್ರಾನ್‌ನಲ್ಲಿ ಹೆಸರಿಗೆ ಆರು ಅಕ್ಷರದ ಮಿತಿ ಬಂತು. ಇಂಗ್ಲಿಷ್ ಲಿಪಿಯಲ್ಲಿ ಬರೆದ ‘ತಿಪಟೂರು’ ಆರೇ ಅಕ್ಷರ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ!

ಯಂತ್ರ ಹೋದರೂ ಮಿತಿ ಹೋಗಲಿಲ್ಲ. ನಾವು ಎಂ.ಎಸ್ಸಿ. ಓದುವಾಗ ಕಲಿತ ಫೋರ್ಟ್ರಾನ್ 77ರಲ್ಲೂ ಆರೇ ಅಕ್ಷರ. ‘ವೆಲಾಸಿಟಿ’ ಎಂದು ಪೂರ್ತಿ ಬರೆಯುವಂತಿರಲಿಲ್ಲ. ಫೋರ್ಟ್ರಾನ್ 90 ಬಂದಾಗ ಮಿತಿ 31ಕ್ಕೆ ಏರಿತು. 1989ರ ಸಿ ಭಾಷೆಯ ಮಾನಕವೂ ಬೇರೆ ಬೇರೆ ಕಡತಗಳನ್ನು ಜೋಡಿಸುವಾಗ ಬಳಕೆಯಾಗುವ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳಿಗೆ ಮಾತ್ರ ಖಾತರಿ ಕೊಟ್ಟಿತ್ತು. ಹಳೆಯ ಯಂತ್ರದ ಅಳತೆಯೊಂದು ಹೊಸ ಯಂತ್ರಗಳ ಕಾಲಕ್ಕೂ ನಿಯಮವಾಗಿ ಉಳಿದುಬಂದ ಬಗೆ ಇದು.

ಹದಿನೆಂಟು, ಮೂವತ್ತು, ಅರವತ್ತಮೂರು

1970ರಲ್ಲಿ ಐಬಿಎಂನ ಗಣಿತಜ್ಞ ಇ.ಎಫ್. ಕಾಡ್ ಮಾಹಿತಿಯನ್ನು ಕೋಷ್ಟಕಗಳಾಗಿ, ಅವುಗಳ ನಡುವಿನ ಸಂಬಂಧಗಳಾಗಿ ಕಾಣುವ ಮಾದರಿಯನ್ನು ಪ್ರಕಟಿಸಿದರು. ಅದಕ್ಕೆ ಹೊಂದುವ ಪ್ರಶ್ನಾಭಾಷೆಯನ್ನು 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಮುಂದಿಟ್ಟರು. ‘ಸೀಕ್ವೆಲ್’ ಎಂದಿದ್ದ ಅದರ ಹೆಸರು ಮುಂದೆ ವ್ಯಾಪಾರಮುದ್ರೆಯ ತೊಡಕಿನಿಂದ ‘ಎಸ್‌ಕ್ಯುಎಲ್’ ಎಂದು ತಾನೇ ಮೊಟಕಾಯಿತು. 1979ರಲ್ಲಿ ಒರೇಕಲ್ ಮಾರುಕಟ್ಟೆಗೆ ಬಂತು. 1986ರಲ್ಲಿ ಎಸ್‌ಕ್ಯುಎಲ್‌ಗೆ ಮೊದಲ ಮಾನಕ ರೂಪುಗೊಂಡಾಗ ಹೆಸರಿನ ಗರಿಷ್ಠ ಉದ್ದ 18 ಅಕ್ಷರ ಎಂದಾಯಿತು.

ಚಿಕ್ಕನಾಯಕನಹಳ್ಳಿಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಎಣಿಸಿ. 19 ಅಕ್ಷರ! ಮೊದಲ ಮಾನಕದ ಮಿತಿಗೆ ಈ ಊರು ಒಂದೇ ಒಂದು ಅಕ್ಷರದಿಂದ ಹೊರಗುಳಿಯಿತು.

1992ರ ಮಾನಕ ಮಿತಿಯನ್ನು 128ಕ್ಕೆ ಏರಿಸಿತು. ಆದರೆ ಮಾನಕ ಹೇಳಿದ್ದನ್ನು ತಯಾರಕರೆಲ್ಲ ಒಡನೆಯೇ ಪಾಲಿಸಲಿಲ್ಲ. ಒರೇಕಲ್‌ನಲ್ಲಿ ಕೋಷ್ಟಕದ ಹೆಸರಿಗೆ 30 ಬೈಟ್‌ಗಳ ಮಿತಿ ದೀರ್ಘಕಾಲ ಉಳಿಯಿತು. 2016–17ರಲ್ಲಿ ಬಂದ 12.2 ಆವೃತ್ತಿಯಲ್ಲಷ್ಟೇ ಅದು 128 ಬೈಟ್ ಆಯಿತು. ಪೋಸ್ಟ್‌ಗ್ರೆಸ್‌ನಲ್ಲಿ 31 ಇದ್ದದ್ದು 2002ರ 7.3 ಆವೃತ್ತಿಯಿಂದ 63 ಬೈಟ್ ಆಯಿತು. ಮೈಎಸ್‌ಕ್ಯುಎಲ್‌ನಲ್ಲಿ 64 ಅಕ್ಷರ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 128 ಅಕ್ಷರ.

63 ಎಂಬ ವಿಚಿತ್ರ ಸಂಖ್ಯೆ ಹೇಗೆ ಬಂತು ಎಂದು ನೀವು ಕೇಳಬಹುದು. ಪ್ರತಿ ದತ್ತಸಂಚಯವೂ ತನ್ನೊಳಗಿನ ಕೋಷ್ಟಕಗಳ ಹೆಸರುಗಳನ್ನು ತನ್ನದೇ ಒಂದು ಸೂಚಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪ್ರತಿ ಪ್ರಶ್ನೆಗೂ ಈ ಸೂಚಿಯನ್ನು ನೋಡಲೇಬೇಕು. ಪ್ರತಿ ಹೆಸರಿಗೂ ಒಂದೇ ಅಳತೆಯ ಮನೆ ಕೊಟ್ಟರೆ, ಇಂತಿಷ್ಟನೆಯ ವಿವರ ಎಲ್ಲಿದೆ ಎಂದು ಗುಣಿಸಿಯೇ ಹೇಳಬಹುದು, ಹುಡುಕಬೇಕಿಲ್ಲ. ಪೋಸ್ಟ್‌ಗ್ರೆಸ್‌ನ ಮನೆಯ ಅಳತೆ 64 ಬೈಟ್. ಹೆಸರು ಮುಗಿಯಿತೆಂದು ಸೂಚಿಸಲು ಒಂದು ಬೈಟ್ ಹೋದರೆ ಉಳಿಯುವುದು 63. ಮಿತಿ ಎಂಬುದು ಹಟವಲ್ಲ, ವೇಗಕ್ಕಾಗಿ ಕೊಟ್ಟ ಬೆಲೆ.

ಅಕ್ಷರವೆಂದರೆ ಯಾವುದು?

ಒಂದು ಕಡೆ ‘ಅಕ್ಷರ’, ಇನ್ನೊಂದು ಕಡೆ ‘ಬೈಟ್’ ಎಂದು ಬರೆದಿದ್ದೇನೆ, ಅದು ಕೈತಪ್ಪಲ್ಲ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಎರಡೂ ಒಂದೇ. ಕನ್ನಡಕ್ಕೆ ಹಾಗಲ್ಲ.

ನಾವು ಅಕ್ಷರ ಎನ್ನುವುದು ಬಾಯಿಗೆ ಸಂಬಂಧಿಸಿದ್ದು. ‘ಳ್ಳಿ’ ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ: ಳ, ವಿರಾಮ ಚಿಹ್ನೆ, ಮತ್ತೆ ಳ, ಕೊನೆಗೆ ಗುಡಿಸು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ನಮ್ಮ ಮೂರು ಊರುಗಳ ಅಳತೆ ಹೀಗಿದೆ:

ತಿಪಟೂರು: ಉಚ್ಚಾರದ ಅಕ್ಷರ 4, ಯೂನಿಕೋಡ್ ಸಂಕೇತ 7, ಯುಟಿಎಫ್-8 ಬೈಟ್ 21.
ತುರುವೇಕೆರೆ: ಉಚ್ಚಾರದ ಅಕ್ಷರ 5, ಯೂನಿಕೋಡ್ ಸಂಕೇತ 10, ಯುಟಿಎಫ್-8 ಬೈಟ್ 30.
ಚಿಕ್ಕನಾಯಕನಹಳ್ಳಿ: ಉಚ್ಚಾರದ ಅಕ್ಷರ 8, ಯೂನಿಕೋಡ್ ಸಂಕೇತ 15, ಯುಟಿಎಫ್-8 ಬೈಟ್ 45.

ಕನ್ನಡದಲ್ಲಿ ಬರೆದ ತುರುವೇಕೆರೆ ಹಳೆಯ ಒರೇಕಲ್‌ನ 30 ಬೈಟ್‌ಗಳನ್ನು ಅಂಚಿನವರೆಗೆ ತುಂಬುತ್ತದೆ. ಚಿಕ್ಕನಾಯಕನಹಳ್ಳಿ ಒಳಗೆ ಹೋಗುವುದೇ ಇಲ್ಲ. ಇನ್ನೊಂದು ಸ್ವಾರಸ್ಯ: 1991ರ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತ ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಒಂದೇ ಬೈಟ್. ಆ ಲೆಕ್ಕದಲ್ಲಿ ಚಿಕ್ಕನಾಯಕನಹಳ್ಳಿಗೆ 15 ಬೈಟ್ ಸಾಕಿತ್ತು – ಇಂಗ್ಲಿಷಿನ 19ಕ್ಕಿಂತ ಕಡಿಮೆ! ಜಗತ್ತಿನ ಎಲ್ಲ ಲಿಪಿಗಳೂ ಒಂದೇ ಕಡತದಲ್ಲಿ ಕೂರುವ ಅನುಕೂಲಕ್ಕಾಗಿ ನಾವು ತೆತ್ತ ಬೆಲೆ ಈ ಮೂರು ಪಟ್ಟು.

ಈಗ ನಮ್ಮ ಸಮೀಕ್ಷೆಗೆ ಮರಳೋಣ. ‘ತೆಂಗು’ 15 ಬೈಟ್. ‘ಇಳುವರಿ’, ‘ರೋಗಗಳು’ ತಲಾ 18. ಎರಡು ಅಡಿಗೆರೆಗಳಿಗೆ 2. ಊರಿನ ಹೆಸರು ಸೇರಿಸಿ ಕೂಡಿ. ತಿಪಟೂರಿನ ಕೋಷ್ಟಕಕ್ಕೆ 56 ಬೈಟ್: 63ರೊಳಗೆ ಕ್ಷೇಮ. ತುರುವೇಕೆರೆಯದಕ್ಕೆ 65 ಬೈಟ್: ಕೊನೆಯ ಸಂಕೇತ ಬಿದ್ದುಹೋಗಿ ‘ಇಳುವರ’, ‘ರೋಗಗಳ’ ಎಂದಾಗುತ್ತದೆ, ಹೆಸರು ಕೆಟ್ಟರೂ ಎರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಚಿಕ್ಕನಾಯಕನಹಳ್ಳಿಯದಕ್ಕೆ 80 ಬೈಟ್. ಇಲ್ಲಿ ‘ಚಿಕ್ಕನಾಯಕನಹಳ್ಳಿ_ತೆಂಗು_’ ಎಂಬಲ್ಲಿಗೇ 62 ಬೈಟ್ ಮುಗಿಯಿತು. ಉಳಿದ ಒಂದು ಬೈಟ್‌ನಲ್ಲಿ ಕನ್ನಡದ ಯಾವ ಸಂಕೇತವೂ ಹಿಡಿಸದು. ಇಳುವರಿಯೂ ಬಿತ್ತು, ರೋಗಗಳೂ ಬಿದ್ದವು. ಎರಡು ಕೋಷ್ಟಕಗಳಿಗೂ ಒಂದೇ ಹೆಸರು!

ಪೋಸ್ಟ್‌ಗ್ರೆಸ್ ಇದನ್ನು ಪೂರ್ತಿ ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಬೇಕು. ಹೆಸರನ್ನು ಕತ್ತರಿಸುತ್ತಿದ್ದೇನೆ ಎಂದು ಅದು ಒಂದು ಸಾಲಿನ ಸೂಚನೆ ಕೊಡುತ್ತದೆ. ಪರದೆಯ ಮೇಲೆ ಓಡುವ ನೂರು ಸಾಲುಗಳಲ್ಲಿ ಅದನ್ನು ನಾವು ನೋಡಲಿಲ್ಲ. ಮೇಲಾಗಿ ನಮ್ಮ ಆದೇಶದಲ್ಲಿ ‘ಈ ಕೋಷ್ಟಕ ಇಲ್ಲದಿದ್ದರೆ ಮಾತ್ರ ರಚಿಸು’ ಎಂದು ಬರೆದಿದ್ದೆವು. ಎರಡನೆಯದರ ಸರದಿ ಬಂದಾಗ ಅದು ‘ಇದೆಯಲ್ಲ’ ಎಂದು ಬಿಟ್ಟುಬಿಟ್ಟಿತು. ಮಾಹಿತಿ ಸೇರಿಸುವಾಗಲೂ ಹೆಸರು ಅದೇ ರೀತಿ ಕತ್ತರಿಸಲ್ಪಟ್ಟು ಅದೇ ಕೋಷ್ಟಕಕ್ಕೆ ಹೋಯಿತು. ಎಲ್ಲಿಯೂ ದೋಷ ಕಾಣಲಿಲ್ಲ. ಉತ್ತರ ಮಾತ್ರ ತಪ್ಪಾಗಿತ್ತು.

ನಡುವೆ ನಿಂತ ದುಭಾಷಿ

ಇಂದಿನ ತಂತ್ರಾಂಶಗಳಲ್ಲಿ ಕೋಷ್ಟಕಗಳಿಗೆ ಮನುಷ್ಯರೇ ಹೆಸರಿಡುವುದು ಕಡಿಮೆ. ಕಾರ್ಯಕ್ರಮ ಬರೆಯುವವರು ‘ತೋಟ’, ‘ರೈತ’, ‘ಕೊಯ್ಲು’ ಎಂಬ ವಸ್ತುಗಳ ಲೆಕ್ಕದಲ್ಲಿ ಯೋಚಿಸುತ್ತಾರೆ. ದತ್ತಸಂಚಯಕ್ಕೆ ಗೊತ್ತಿರುವುದು ಸಾಲು ಮತ್ತು ಅಂಕಣ. ಇವೆರಡರ ನಡುವೆ ದುಭಾಷಿಯಂತೆ ಕೆಲಸ ಮಾಡುವುದೇ ವಸ್ತು–ಸಂಬಂಧ ಹೊಂದಾಣಿಕೆಯ ತಂತ್ರಾಂಶ. ಜಾವಾ ಭಾಷೆಗೆ 2001ರಲ್ಲಿ ಬಂದ ಹೈಬರ್ನೇಟ್, ರೂಬಿ ಭಾಷೆಯಲ್ಲಿ 2004ರ ರೈಲ್ಸ್, ಪೈಥಾನ್‌ನಲ್ಲಿ 2005ರ ಜಾಂಗೊ – ಇವು ಪ್ರಸಿದ್ಧವಾದವು.

ಈ ದುಭಾಷಿ ಹೆಸರುಗಳನ್ನು ತಾನೇ ಹೆಣೆಯುತ್ತದೆ. ಜಾಂಗೊದಲ್ಲಿ ಯೋಜನೆಯ ಭಾಗದ ಹೆಸರು, ಅದರ ಮುಂದೆ ವಸ್ತುವಿನ ಹೆಸರು. ಎರಡು ವಸ್ತುಗಳನ್ನು ಬೆಸೆಯುವ ಕೋಷ್ಟಕವಾದರೆ ಇನ್ನೊಂದು ಹೆಸರೂ ಸೇರುತ್ತದೆ. ಸಾಧಾರಣ ಪದಗಳೇ ಆದರೂ ಒಟ್ಟು ಉದ್ದ 30 ದಾಟಲು ಹೊತ್ತು ಬೇಕಿಲ್ಲ. ಆಗ ದುಭಾಷಿಯ ಮುಂದೆ ಮೂರು ದಾರಿ. ಒಂದು, ‘ಹೆಸರು ಉದ್ದವಾಯಿತು’ ಎಂದು ಕೆಲಸ ನಿಲ್ಲಿಸುವುದು. ಕೋಷ್ಟಕದ ಸೂಚಿಗಳ ಹೆಸರಿಗೆ ರೈಲ್ಸ್ ಬಹುಕಾಲ ಹೀಗೆಯೇ ಮಾಡಿತು. ಎರಡು, ಬಾಲ ಕತ್ತರಿಸಿ ಮುಂದೆ ಹೋಗುವುದು. ಅದರ ಫಲ ನೋಡಿದೆವು. ಮೂರು, ಕತ್ತರಿಸಿದ ಜಾಗದಲ್ಲಿ ಪೂರ್ಣ ಹೆಸರಿನ ಗುರುತೊಂದನ್ನು ಅಂಟಿಸುವುದು.

ಮೂರನೆಯ ಉಪಾಯ ಜಾಣತನದ್ದು. ಒರೇಕಲ್‌ನ 30ರ ಮಿತಿಗಾಗಿ ಜಾಂಗೊ ಹೆಸರಿನ ಮೊದಲ 26 ಅಕ್ಷರಗಳನ್ನು ಉಳಿಸಿಕೊಳ್ಳುತ್ತದೆ. ಕೊನೆಯ ನಾಲ್ಕು ಸ್ಥಾನಗಳಲ್ಲಿ, ಇಡೀ ಹೆಸರನ್ನು ಎಂಡಿ5 ಎಂಬ ಗಣಿತ ಕ್ರಿಯೆಗೆ ಒಳಪಡಿಸಿ ಬಂದ ಫಲದ ನಾಲ್ಕು ಅಂಕಿಗಳನ್ನು ಇಡುತ್ತದೆ. ಒಂದೇ ಹೆಸರಿಗೆ ಯಾವಾಗಲೂ ಒಂದೇ ಗುರುತು ಬರುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಸಾಮಾನ್ಯವಾಗಿ ಬೇರೆಯೇ ಆಗುತ್ತದೆ. ನಮ್ಮ ಕೋಷ್ಟಕಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ‘ಚಿಕ್ಕನಾಯಕನಹಳ್ಳಿ_ತೆಂಗು_’ ಎಂಬವರೆಗೆ ಸರಿಯಾಗಿ 26 ಅಕ್ಷರ. ಅಂದರೆ ಇಳುವರಿ, ರೋಗಗಳು ಎರಡೂ ಇಲ್ಲಿಯೂ ಬಿದ್ದುಹೋಗುತ್ತವೆ. ಆದರೆ ನಾಲ್ಕು ಅಂಕಿಯ ಬಾಲ ಅವೆರಡನ್ನು ಬೇರ್ಪಡಿಸಿ ಕಾಯುತ್ತದೆ.

ಎಷ್ಟು ಭದ್ರವಾಗಿ? ಇದು ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕ. ಹದಿನಾರರ ಆಧಾರದ ನಾಲ್ಕು ಅಂಕಿಗಳಿಂದ 65,536 ಗುರುತುಗಳು ಸಾಧ್ಯ. ಮೊದಲ 26 ಅಕ್ಷರ ಒಂದೇ ಆಗಿರುವ ಎರಡು ಹೆಸರುಗಳಿಗೆ ಒಂದೇ ಗುರುತು ಬರುವ ಸಂಭವ 65,536ರಲ್ಲಿ 1. ಅಂಥ ಹೆಸರು 40 ಇದ್ದರೆ ಜೋಡಿಗಳು 780. ಸಂಭವ ಸುಮಾರು 84ರಲ್ಲಿ 1. ಸುಮಾರು 300 ಹೆಸರಿದ್ದರೆ ಅರ್ಧಕ್ಕರ್ಧ! 23 ಜನರ ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಲೆಕ್ಕವೇ ಇದು. ಒಂದೇ ತಲೆಯ ಮುನ್ನೂರು ಹೆಸರು ಒಂದು ಯೋಜನೆಯಲ್ಲಿ ಇರುವುದು ಅಪರೂಪವಾದ್ದರಿಂದ ಬಳಕೆಯಲ್ಲಿ ಈ ಉಪಾಯ ಸಾಕು.

ಮಾನದ ಗೊಂದಲ

ಹಾಗಾದರೆ ನಮ್ಮ ಕನ್ನಡ ಹೆಸರುಗಳನ್ನು ಜಾಂಗೊಗೆ ಒಪ್ಪಿಸಿದರೆ ತೊಂದರೆ ತೀರಿತೇ? ತೀರದು. ಇಲ್ಲಿಯೇ ಭೌತವಿಜ್ಞಾನದ ಮೇಷ್ಟ್ರಿಗೆ ಚಿರಪರಿಚಿತವಾದ ಪಾಠವಿದೆ. ಪೋಸ್ಟ್‌ಗ್ರೆಸ್‌ನ 63 ಎಂಬ ಮಿತಿ ಜಾಂಗೊಗೆ ಗೊತ್ತು. ಆದರೆ ಅದು ಎಣಿಸುವುದು ಸಂಕೇತಗಳನ್ನು. ಪೋಸ್ಟ್‌ಗ್ರೆಸ್ ಎಣಿಸುವುದು ಬೈಟ್‌ಗಳನ್ನು. ‘ಚಿಕ್ಕನಾಯಕನಹಳ್ಳಿ_ತೆಂಗು_ಇಳುವರಿ’ ಎಂಬುದರಲ್ಲಿ ಇರುವುದು 28 ಸಂಕೇತ. 28 ಎಂಬುದು 63ಕ್ಕಿಂತ ಕಡಿಮೆಯಾದ್ದರಿಂದ ದುಭಾಷಿ ಗುರುತು ಅಂಟಿಸದೆ ಹಾಗೆಯೇ ದಾಟಿಸುತ್ತದೆ. ಆಚೆ ಬದಿಯಲ್ಲಿ ಅದು 80 ಬೈಟ್. ಕತ್ತರಿ ಬಿದ್ದೇ ಬೀಳುತ್ತದೆ. ಸಮಾಧಾನವೆಂದರೆ, ಎರಡನೆಯ ಕೋಷ್ಟಕ ರಚಿಸುವಾಗ ‘ಈಗಾಗಲೇ ಇದೆ’ ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ನಮ್ಮಂತೆ ಮೌನವಾಗಿ ಬೆರೆತುಹೋಗುವುದಿಲ್ಲ.

ಸಂಖ್ಯೆ ಒಂದೇ, ಮಾನ ಬೇರೆ. 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಬಳಿ ನಾಸಾ ಕಳೆದುಕೊಂಡ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿರಬಹುದು. ಒಂದು ಕಡೆಯ ತಂತ್ರಾಂಶ ಪೌಂಡ್-ಬಲದಲ್ಲಿ ಲೆಕ್ಕ ಕೊಟ್ಟಿತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ನಮ್ಮ ತೆಂಗಿನ ಕೋಷ್ಟಕದ ತಪ್ಪು ಗಾತ್ರದಲ್ಲಿ ಸಣ್ಣದು, ಜಾತಿಯಲ್ಲಿ ಅದೇ. ಪರೀಕ್ಷೆಯಲ್ಲಿ ‘ಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕಡಿತ’ ಎಂದು ನಾವು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ನಾವು ತಿದ್ದಿಕೊಂಡದ್ದು

ತಪ್ಪನ್ನೆಲ್ಲ ತಂತ್ರಾಂಶದ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಮೊದಲ ತಪ್ಪು ಊರಿನ ಹೆಸರನ್ನು ಕೋಷ್ಟಕದ ಹೆಸರಿನೊಳಗೆ ತುರುಕಿದ್ದು. ಮಾಹಿತಿಯೆಲ್ಲ ಕೋಷ್ಟಕದ ಮನೆಗಳಲ್ಲಿ ಮೌಲ್ಯವಾಗಿಯೇ ಇರಬೇಕು ಎಂಬುದು 1985ರಲ್ಲಿ ಕಾಡ್ ಪ್ರಕಟಿಸಿದ ನಿಯಮಗಳಲ್ಲಿ ಪ್ರಮುಖವಾದದ್ದು. ಅದರಂತೆ ಆರು ಕೋಷ್ಟಕಗಳನ್ನು ಎರಡಕ್ಕೆ ಇಳಿಸಿದೆವು: ‘ಇಳುವರಿ’ ಮತ್ತು ‘ರೋಗಗಳು’. ತಾಲ್ಲೂಕು, ಹೋಬಳಿ, ಗ್ರಾಮಗಳು ಅಂಕಣಗಳಾದವು. ಅಂಕಣದಲ್ಲಿ ಚಿಕ್ಕನಾಯಕನಹಳ್ಳಿಯ ಹೆಸರು ಪೂರ್ತಿಯಾಗಿ, ಕನ್ನಡದಲ್ಲೇ ಇದೆ. ಹಂದನಕೆರೆ, ಶೆಟ್ಟಿಕೆರೆ, ನೊಣವಿನಕೆರೆ, ದಂಡಿನಶಿವರ – ಯಾವ ಹೋಬಳಿಗೂ ಜಾಗದ ಕೊರತೆಯಿಲ್ಲ. ಎಣಿಕೆಯ ಅಂಕಣಗಳಿಗೆ ‘ಕಾಯಿ’, ‘ಮರ’ ಎಂದು ಬೇರೆ ಬೇರೆ ಹೆಸರು ಕೊಟ್ಟೆವು. ಮುಂದೆ ಯಾವ ಕಾರಣಕ್ಕೆ ಬೆರೆತರೂ ಯಂತ್ರವೇ ತಡೆಯಲಿ ಎಂದು.

ಮೊಟಕು ಮಾಡಲೇಬೇಕಾದಲ್ಲಿ ಚುಟುಕು ಹೆಸರನ್ನು ನಾವೇ ಆರಿಸಿ, ಅದರ ಎದುರು ಪೂರ್ಣ ಹೆಸರನ್ನು ಬರೆದ ಒಂದು ಪಟ್ಟಿ ಇಟ್ಟೆವು. ದುಭಾಷಿ ತಂತ್ರಾಂಶಗಳೆಲ್ಲ ಕೋಷ್ಟಕದ ಹೆಸರನ್ನು ನಾವೇ ಗೊತ್ತುಮಾಡಲು ಅವಕಾಶ ಕೊಡುತ್ತವೆ. ಗುಮಾಸ್ತರ ‘ಚಿ.ನಾ.ಹಳ್ಳಿ’ಯನ್ನು ಈಗ ಮತ್ತೊಮ್ಮೆ ನೋಡಿ. ಅವರು ಬಾಲ ಕತ್ತರಿಸಲಿಲ್ಲ. ನಡುವನ್ನು ಕುಗ್ಗಿಸಿ ತಲೆ ಬಾಲ ಎರಡನ್ನೂ ಉಳಿಸಿದರು. ಯಾವುದು ಹೋದರೆ ಗುರುತು ಕೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಂತ್ರಕ್ಕೆ ಗೊತ್ತಿರುವುದು 63 ಎಂಬ ಅಂಕಿ ಮಾತ್ರ.

ಶಿಕ್ಷಕ ಮಿತ್ರರೇ, ನಿಮ್ಮ ತರಗತಿಯಲ್ಲಿ ಒಂದು ಸಣ್ಣ ಅಭ್ಯಾಸ ಮಾಡಿಸಿ. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಹೆಸರನ್ನು ಬರೆದು ಉಚ್ಚಾರದ ಅಕ್ಷರ, ಯೂನಿಕೋಡ್ ಸಂಕೇತ, ಬೈಟ್ ಮೂರನ್ನೂ ಎಣಿಸಲಿ. ಆರು, ಹದಿನೆಂಟು, ಮೂವತ್ತು, ಅರವತ್ತಮೂರು – ಯಾವ ಕಾಲದ ಮಿತಿಯಲ್ಲಿ ತನ್ನ ಊರು ಉಳಿಯುತ್ತಿತ್ತು, ಯಾವುದರಲ್ಲಿ ತುಂಡಾಗುತ್ತಿತ್ತು ಎಂದು ಗುರುತಿಸಲಿ. ಜೊತೆಗೆ ಇದನ್ನೂ ಹೇಳಿ: ಮಿತಿ ಇರುವುದು ತಪ್ಪಲ್ಲ, ಮಿತಿ ಮೀರಿದ್ದನ್ನು ಯಾರೂ ಓದದ ಸಾಲಿನಲ್ಲಿ ತಿಳಿಸಿ ಮುಂದುವರಿಯುವುದು ತಪ್ಪು. ಲೆಕ್ಕ ಸರಿಯಾಗಿ ಕಂಡರೂ ‘ನಮ್ಮ ತೋಟದಲ್ಲಿ ಹೀಗಿಲ್ಲವಲ್ಲ’ ಎಂದು ಎದ್ದು ನಿಂತು ಕೇಳುವ ವಿದ್ಯಾರ್ಥಿಯ ಮಾತಿಗೆ ಕಿವಿಗೊಡಿ. ನಮ್ಮ ಸಮೀಕ್ಷೆಯನ್ನು ಉಳಿಸಿದ್ದು ಅಂಥ ಒಂದು ಪ್ರಶ್ನೆಯೇ.